ದಾರಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ



ಕಾಸರಗೋಡಿನ ನಮ್ಮ ಊರುಗಳಲ್ಲಿ ಗಲ್ಫಿನ ಸಂಬಂಧ ಇಲ್ಲದ ಮನೆ ಕಡಿಮೆ. ಮಗನೋ, ಅಳಿಯನೋ, ತಮ್ಮನೋ ಅಲ್ಲಿರುತ್ತಾರೆ. ಅವರನ್ನು ನೋಡಲು ನಾವೂ ಒಮ್ಮೆ ಹೋಗುತ್ತೇವೆ. ಅಲ್ಲಿ ಪೊಲೀಸರು ಕಾರು ತಡೆದರೆ ಏನು ಮಾಡಬೇಕು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಹೀಗೆ ಎಣಿಸಿಕೊಳ್ಳಿ. ನಿಮ್ಮ ತಮ್ಮ ದುಬೈಯಲ್ಲಿದ್ದಾನೆ. ಅವನ ಕಾರಿನಲ್ಲಿ ನೀವು ಹತ್ತಾ ದಾರಿಯಾಗಿ ಒಮಾನ್ ದೇಶಕ್ಕೆ ಹೊರಟಿದ್ದೀರಿ. ಗಡಿ ದಾಟಿ ಆಯಿತು. ಇನ್ನು ಯಾರೂ ಕೇಳುವುದಿಲ್ಲ ಎಂದು ನಿಮಗೆ ಸಮಾಧಾನ. ಆಗ ಮುಂದೆ ಪೊಲೀಸರು ಕೈ ತೋರಿಸುತ್ತಾರೆ. ನಿಮ್ಮ ಎದೆ ಡವಡವ ಅನ್ನುತ್ತದೆ.

"ಗಾಬರಿ ಬೇಡ, ಸುಮ್ಮನೆ ಕೂತ್ಕೋ" ಅನ್ನುತ್ತಾನೆ ತಮ್ಮ. ಕಾರನ್ನು ಬಲಬದಿಗೆ ನಿಲ್ಲಿಸುತ್ತಾನೆ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಅವನು ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಡುತ್ತಾನೆ. ಪೊಲೀಸರು ಹೇಳದೆ ಯಾರೂ ಕೆಳಗೆ ಇಳಿಯುವುದಿಲ್ಲ.

ಪೊಲೀಸರು ಕಾಗದ ಕೇಳುತ್ತಾರೆ. ತಮ್ಮ ಒಂದೊಂದಾಗಿ ಕೊಡುತ್ತಾನೆ:

1. ಡ್ರೈವಿಂಗ್ ಲೈಸನ್ಸ್.
2. ಮುಲ್ಕಿಯಾ. ನಮ್ಮ ಆರ್.ಸಿ. ಇದ್ದ ಹಾಗೆ ಇದು ಅಲ್ಲಿಯ ಕಾರಿನ ನೋಂದಣಿ ಕಾರ್ಡು.
3. ಆರೆಂಜ್ ಕಾರ್ಡು. ಅರಬ್ ದೇಶಗಳ ಗಡಿ ದಾಟುವ ಕಾರಿಗೆ ಬೇಕಾದ ವಿಮೆ ಪತ್ರ.
4. ಎಲ್ಲರ ಪಾಸ್‌ಪೋರ್ಟು ಮತ್ತು ವೀಸಾ.

ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಜೊತೆಗಿರಲಿ.

ಆಮೇಲೆ ಡಿಕ್ಕಿ ತೆರೆಯಲು ಹೇಳುತ್ತಾರೆ. ಅಲ್ಲಿ ಒಂದು ಕಟ್ಟು ಇದೆ. ಊರಿನಿಂದ ಹೊರಡುವಾಗ ನೆರೆಮನೆಯವರು "ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಎಂದು ಕೊಟ್ಟದ್ದು. ಅದರೊಳಗೆ ಏನಿದೆ? ಈ ಪ್ರಶ್ನೆಗೆ ಉತ್ತರ ನೀವೇ ಹೇಳಬೇಕು. "ಅವರು ಕೊಟ್ಟರು, ನಾನು ತಂದೆ" ಅಂದರೆ ಸಾಲದು. ಸಾಮಾನು ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಮೊದಲು ಸಿಕ್ಕಿಬೀಳುವುದು.

ನಿಮ್ಮ ಅದೃಷ್ಟ, ನೀವು ಮನೆಯಲ್ಲೇ ಅದನ್ನು ಬಿಚ್ಚಿ ನೋಡಿದ್ದೀರಿ. ಹಲಸಿನ ಹಪ್ಪಳ! ಅದರಲ್ಲಿ ಗಸಗಸೆ ಇದ್ದಿದ್ದರೆ? ನಮ್ಮಲ್ಲಿ ಗಸಗಸೆ ಪಾಯಸ ಮಾಡುತ್ತೇವೆ. ಆದರೆ ಯುಎಇ, ಸೌದಿ ದೇಶಗಳಲ್ಲಿ ಗಸಗಸೆಗೆ ನಿಷೇಧ ಇದೆ. ಅದು ಅಫೀಮು ಗಿಡದ ಬೀಜ. ಗೊತ್ತಿಲ್ಲದೆ ಒಯ್ದವರೂ ಕಷ್ಟಕ್ಕೆ ಬಿದ್ದಿದ್ದಾರೆ.

ಮಾತ್ರೆಗಳ ಬಗ್ಗೆಯೂ ಜಾಗ್ರತೆ ಬೇಕು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳಿಗೆ ಅಲ್ಲಿ ಕಟ್ಟುನಿಟ್ಟು. ಯುಎಇಗೆ ಒಯ್ಯುವುದಾದರೆ ಮೊದಲೇ ಅಲ್ಲಿಯ ಸರಕಾರದ ಅನುಮತಿ ಪಡೆಯಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯಾದರೂ ಡಾಕ್ಟರ ಚೀಟಿ ಜೊತೆಗಿರಲಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಹೆಸರು ಓದಲು ಬರುವಂತಿರಲಿ.

ತಪ್ಪು ಆಗಿದ್ದರೆ ದಂಡ ಬೀಳುತ್ತದೆ. ಯುಎಇಯಲ್ಲಿ 2017ರಿಂದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ದಂಡವನ್ನು ಸರಕಾರಿ ದಾರಿಯಲ್ಲೇ ಕಟ್ಟಿ, ರಶೀದಿ ಇಟ್ಟುಕೊಳ್ಳಿ. ಪೊಲೀಸರ ಕೈಗೆ ದುಡ್ಡು ತುರುಕಲು ಹೋಗಬೇಡಿ. ಅದು ಲಂಚ, ದೊಡ್ಡ ಅಪರಾಧ. ತಪಾಸಣೆಯ ಫೋಟೋ ತೆಗೆಯಬೇಡಿ.

ಒಂದು ವೇಳೆ ಠಾಣೆಗೆ ಕರೆದರೆ? ಕೂಗಾಡಬೇಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. "ನನಗೆ ಅರಬಿ ಬರುವುದಿಲ್ಲ, ಅರ್ಥ ಹೇಳುವವರು ಬೇಕು" ಎಂದು ವಿನಯದಿಂದ ಕೇಳಿ. ಬಂಧಿಸಿದರೆ, ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. 1963ರ ವಿಯೆನ್ನಾ ಒಪ್ಪಂದ ಈ ಹಕ್ಕು ಕೊಟ್ಟಿದೆ. ಒಮಾನಿನ ಮಸ್ಕತ್ತಿನಲ್ಲಿ, ಯುಎಇಯ ಅಬುಧಾಬಿಯಲ್ಲಿ ನಮ್ಮ ರಾಯಭಾರ ಕಚೇರಿಗಳಿವೆ. ದುಬೈಯಲ್ಲಿ ಕಾನ್ಸುಲೇಟ್ ಇದೆ.

ಆದರೆ ಈ ದಿನ ಅಷ್ಟೆಲ್ಲ ಆಗಲಿಲ್ಲ. ಪೊಲೀಸರು ಕಾಗದ ನೋಡಿದರು. ಹಪ್ಪಳ ಮೂಸಿದರು, ನಕ್ಕರು. "ಹೋಗಿ" ಎಂದು ಕೈ ಬೀಸಿದರು. ಕಾಗದ ಸರಿ ಇದ್ದವರಿಗೆ ಇದು ಹತ್ತು ನಿಮಿಷದ ಕೆಲಸ.

ಪದಗಳ ಅರ್ಥ
ತಪಾಸಣೆ – ಪರೀಕ್ಷಿಸಿ ನೋಡುವುದು
ನಿಷೇಧ – ಮಾಡಕೂಡದು ಎಂಬ ಕಟ್ಟಳೆ
ರಾಯಭಾರ ಕಚೇರಿ – ಬೇರೆ ದೇಶದಲ್ಲಿರುವ ನಮ್ಮ ಸರಕಾರದ ಕಚೇರಿ

ಉತ್ತರ ಬರೆಯಿರಿ
1. ಮುಲ್ಕಿಯಾ ಎಂದರೇನು?
2. ಬೇರೆಯವರು ಕೊಟ್ಟ ಕಟ್ಟನ್ನು ಏಕೆ ಬಿಚ್ಚಿ ನೋಡಬೇಕು?
3. ಓದಲು ಬಾರದ ಕಾಗದಕ್ಕೆ ಸಹಿ ಕೇಳಿದರೆ ಏನು ಹೇಳುತ್ತೀರಿ?

ಮಾಡಿ ನೋಡಿ
ನಿಮ್ಮ ಮನೆಯಿಂದ ಗಲ್ಫಿಗೆ ಹೋದವರ ಪಾಸ್‌ಪೋರ್ಟ್ ನಂಬರನ್ನೂ ಫೋನ್ ನಂಬರನ್ನೂ ಒಂದು ಪುಸ್ತಕದಲ್ಲಿ ನೀವೇ ಬರೆದಿಡಿ. ಕಷ್ಟಕಾಲಕ್ಕೆ ನಿಮ್ಮ ಅಕ್ಷರವೇ ಆಸರೆ.