ತಾತನ ಸಹಿ ನಡೆಯುವುದಿಲ್ಲ

ಮೈಸೂರು,
ಭಾನುವಾರ ಬೆಳಿಗ್ಗೆ

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಹೀಗೆ ಶುರುವಾಗುವ ಕಾಗದಗಳ ನಡುವೆಯೇ ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಕಳೆದವನು ನಾನು. ನಾನೇ ಒಂದು ಬರೆದು ಬಹಳ ಕಾಲವಾಗಿತ್ತು. ಮೊನ್ನೆ ರಾತ್ರಿ ನೀನು ಫೋನ್ ಮಾಡಿ, ಮಗಳಿಗೆ ಹೆಣ್ಣು ಮಗು, ಮೂರು ಕೆಜಿ ಚಿಲ್ಲರೆ, ಇಬ್ಬರೂ ಚೆನ್ನಾಗಿದ್ದಾರೆ ಅಂದೆ. ಆಮೇಲೆ ದನಿ ತಗ್ಗಿಸಿ, "ಮಾವ, ಐವತ್ತೈದಕ್ಕೇ ತಾತ ಅನ್ನಿಸಿಕೊಳ್ಳೋಕೆ ಒಂಥರಾ ಆಗುತ್ತೆ" ಅಂದೆ. ಅಲ್ಲಿಂದ ಹತ್ತು ನಿಮಿಷ ಬರೀ ದೂರು. ಮಗಳು ಬಜೆ ತೇಯ್ದು ನೆಕ್ಕಿಸಲು ಬಿಡುವುದಿಲ್ಲ, ಜೇನುತುಪ್ಪ ಅಂದರೆ ಕಣ್ಣು ಕೆಕ್ಕರಿಸುತ್ತಾಳೆ, ಕಾಡಿಗೆ ಬೇಡ ಅನ್ನುತ್ತಾಳೆ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆದುಕೊಂಡು ಬಾ ಎಂದು ಹೆತ್ತ ಅಪ್ಪನಿಗೇ ಹೇಳುತ್ತಾಳೆ. ನಾನು ಹೂಂಗುಟ್ಟಿದೆ ಅಷ್ಟೆ. ಫೋನಿನಲ್ಲಿ ನನಗೆ ಮಾತು ಸರಿಯಾಗಿ ಹೊರಡುವುದಿಲ್ಲ. ನಿನ್ನಂಥ ಹೊಸ ತಾತಂದಿರು ಇನ್ನೂ ನಾಲ್ಕು ಜನ ಓದಿಕೊಳ್ಳಲಿ ಎಂದು ಈ ಕಾಗದವನ್ನು ಗೋಂದು ಹಚ್ಚದೆ, ಪತ್ರಿಕೆಯ ಮೂಲಕವೇ ನಿನಗೆ ಕಳಿಸುತ್ತಿದ್ದೇನೆ.

ಮೊದಲು ವಯಸ್ಸಿನ ವಿಚಾರ. 1970ರಲ್ಲಿ ನೀನು ಹುಟ್ಟಿದಾಗ ನಿನ್ನ ತಾತನಿಗೆ, ಅಂದರೆ ನಮ್ಮಪ್ಪನಿಗೆ, ನಲವತ್ತೆಂಟು. ಅವರೇನೂ ಒಂಥರಾ ಆಗುತ್ತೆ ಅನ್ನಲಿಲ್ಲ. ನಮ್ಮನ್ನು ಅಪ್ಪ ಎತ್ತಿಕೊಂಡದ್ದು ನನಗೂ ನೆನಪಿಲ್ಲ, ಅಕ್ಕನಿಗೂ ಇರಲಿಲ್ಲ. ಆಗಿನ ಕೂಡುಮನೆಯಲ್ಲಿ ಹಿರಿಯರ ಎದುರಿಗೆ ಗಂಡಸು ತನ್ನ ಮಗುವನ್ನು ತಾನೇ ಎತ್ತಿ ಮುದ್ದಾಡಿದರೆ ಮರ್ಯಾದೆಗೆಟ್ಟವನು ಅನ್ನುತ್ತಿದ್ದರು. ಅಣ್ಣತಮ್ಮಂದಿರ ಮಕ್ಕಳನ್ನು ಎತ್ತಿಕೊಳ್ಳಬಹುದು, ತನ್ನದನ್ನಲ್ಲ. ಅಂಥ ಅಪ್ಪ, ಅಕ್ಕ ನಿನ್ನ ಬಾಣಂತನಕ್ಕೆ ಬಂದಾಗ, ಹಲಸಿನ ಹಲಗೆ ಹೊಂದಿಸಿ ಆಚಾರಿಯನ್ನು ಎಂಟು ದಿನ ಜಗುಲಿಯ ಮೇಲೆ ಕೂರಿಸಿ ತೊಟ್ಟಿಲು ಮಾಡಿಸಿದರು. ನೀನು ನಡೆಯಲು ಕಲಿತ ಮೇಲೂ ನಿನ್ನನ್ನು ಉಪ್ಪುಮೂಟೆ ಹೊತ್ತು ಸಂತೆಗೆ ಹೋಗುತ್ತಿದ್ದರು. ಹತ್ತೊಂಬತ್ತು ವರ್ಷದ ನಾನು ಅದನ್ನು ನೋಡಿ, ಸುಳ್ಳು ಯಾಕೆ, ಹೊಟ್ಟೆ ಉರಿದುಕೊಂಡೆ. ಈಗ ಅರ್ಥವಾಗುತ್ತದೆ. ಎತ್ತಿಕೊಳ್ಳಲು ಅವರಿಗೆ ಅಪ್ಪಣೆ ಸಿಕ್ಕಿದ್ದೇ ಆಗ.

ನನ್ನ ಕಾಲಕ್ಕೆ ಆ ಕಟ್ಟು ಸಡಿಲವಾಗಿತ್ತು. ಆದರೂ ನನ್ನದು ಬೇರೆ ಕಥೆ. 1982ರಲ್ಲಿ ದೊಡ್ಡ ಮಗಳು ಹುಟ್ಟಿದ್ದು ಹಾಸನದಲ್ಲಿ, ನಿನ್ನ ಅತ್ತೆಯ ತವರಿನಲ್ಲಿ. ನಾನಿದ್ದದ್ದು ದೂರದ ಒಂದು ಸಣ್ಣ ಅಂಚೆ ಕಚೇರಿಯಲ್ಲಿ. ಅಂಚೆಯೂ ತಂತಿಯೂ ಒಂದೇ ಮನೆಯೊಳಗೆ. ಮೋರ್ಸ್ ಯಂತ್ರದ ಮುಂದೆ ಕೂತು, ಕಟಕಟ ಸದ್ದು ಕೇಳಿಸಿಕೊಂಡು ಒಂದೊಂದೇ ಇಂಗ್ಲಿಷ್ ಅಕ್ಷರ ಬರೆದುಕೊಳ್ಳುವುದು ನನ್ನ ಕೆಲಸ. ಆ ದಿನ ಬಂದ ತಂತಿಯಲ್ಲಿ ವಿಳಾಸದ ಜಾಗಕ್ಕೆ ನನ್ನದೇ ಹೆಸರು. ತಂತಿ ಅಂದರೆ ಸಾವಿನ ಸುದ್ದಿ ಎಂದೇ ಜನ ಎಣಿಸುತ್ತಿದ್ದ ಕಾಲ. ಕೈ ನಡುಗುತ್ತಿತ್ತು, ಯಂತ್ರ ಮಾತ್ರ ನಿಲ್ಲುವುದಿಲ್ಲ. ಡಿ ಬಂತು, ಎ ಬಂತು, ಯು ಬಂತು. ಜಿ ಬರುವಷ್ಟರಲ್ಲಿ ಉಸಿರು ಬಂತು. ಸಂದೇಶ ಮುಗಿಸಿ, ಹೊತ್ತು ನಮೂದಿಸಿ, ನನ್ನ ತಂತಿಯನ್ನು ನಾನೇ ಸಹಿ ಹಾಕಿ ತೆಗೆದುಕೊಂಡೆ. ಬದಲಿ ನೌಕರ ಬಂದು ನನಗೆ ರಜೆ ಸಿಗುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು ಆಗಿತ್ತು. ಆಮೇಲೂ ಅಷ್ಟೆ. ವರ್ಗದ ಮೇಲೆ ವರ್ಗ. ಮೂರು ಮಕ್ಕಳ ಮೊದಲ ಹೆಜ್ಜೆ, ಮೊದಲ ಹಲ್ಲು ಎಲ್ಲವನ್ನೂ ನೀಲಿ ಇನ್‌ಲ್ಯಾಂಡ್ ಕಾಗದದಲ್ಲಿ ಓದಿದವನು ನಾನು.

ಅದಕ್ಕೇ, "ಅಸಲಿಗಿಂತ ಬಡ್ಡಿ ಮೇಲೆ ಆಸೆ" ಎಂದು ಯಾರಾದರೂ ನನ್ನನ್ನು ಛೇಡಿಸಿದರೆ ನನಗೆ ಸರಿಬರುವುದಿಲ್ಲ. ಉಳಿತಾಯ ಖಾತೆಯ ಲೆಡ್ಜರ್ ಬರೆದವನು ನಾನು. ಬಡ್ಡಿ ಸೇರಬೇಕಾದ್ದು ಕಟ್ಟಿದವನಿಗೆ. ನಮ್ಮ ಮನೆಯಲ್ಲಿ ಕಂತುಗಳನ್ನೆಲ್ಲ ಕಟ್ಟಿದವಳು ನಿನ್ನ ಅತ್ತೆ. ನನಗೆ ಬಂದದ್ದು ಬಡ್ಡಿಯಲ್ಲ, ಅಯಾಚಿತವಾಗಿ ಬಂದ ಮನಿಯಾರ್ಡರು.

ಈಗ ನಿನ್ನ ದೂರಿಗೆ ಬರುತ್ತೇನೆ. ದೊಡ್ಡ ಮೊಮ್ಮಗಳು ಹುಟ್ಟಿದ ಮರುವರ್ಷ, 2016ರಲ್ಲಿ, ಅವಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಸಿದೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಮಾತ್ರ ಆ ಖಾತೆ. ಹದಿನೈದು ವರ್ಷ ಹಣ ಕಟ್ಟಬೇಕು, ಖಾತೆ ತೆರೆದ ಇಪ್ಪತ್ತೊಂದು ವರ್ಷಕ್ಕೆ ಕೈಗೆ ಬರುತ್ತದೆ. ಮಗನಿಗೆ ಪುರುಸೊತ್ತಿಲ್ಲ ಎಂದು ಪೋಷಕನ ಜಾಗಕ್ಕೆ ನಾನೇ ಸಹಿ ಹಾಕಿದೆ. ಹೆಮ್ಮೆಯ ಸಹಿ, ಬಾಲ ಎಳೆದು ಹಾಕಿದ್ದೆ. ಎಂಟು ವರ್ಷ ಕಳೆದ ಮೇಲೆ ಸರ್ಕಾರ ಹೇಳಿತು: ತಾತ ಅಜ್ಜಿ ತೆರೆದ ಖಾತೆಗಳನ್ನು 2024ರ ಅಕ್ಟೋಬರ್ 1ರಿಂದ ತಂದೆತಾಯಿಯ ಹೆಸರಿಗೆ, ಇಲ್ಲವೇ ಕಾನೂನಿನ ಪ್ರಕಾರ ಪೋಷಕರಾದವರ ಹೆಸರಿಗೆ ವರ್ಗಾಯಿಸಬೇಕು. ನಾನೇ ಒಂದು ಕಾಲಕ್ಕೆ ಕೂತಿದ್ದ ಕೌಂಟರಿನ ಆಚೆಯಿಂದ ಒಬ್ಬ ಹುಡುಗಿ, ನನ್ನ ಮೊಮ್ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು, ನಗುತ್ತಲೇ ಹೇಳಿದಳು: "ದುಡ್ಡು ನೀವೇ ಕೊಡಿ ಸಾರ್, ಬೇಡ ಅನ್ನಲ್ಲ. ತಾತನ ಸಹಿ ಮಾತ್ರ ನಡೆಯಲ್ಲ."

ಅವತ್ತು ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಬರುತ್ತಾ ಯೋಚಿಸಿದರೆ, ನಮ್ಮ ಹುದ್ದೆಯ ನಿಯಮಾವಳಿಯನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ನೀನೂ ಅದನ್ನು ಬರೆದಿಟ್ಟುಕೋ. ತೊಡೆ ಕೊಡು, ಹೆಗಲು ಕೊಡು, ಹೊತ್ತು ಕೊಡು. ಸಹಿ ನಿನ್ನ ಮಗಳು ಅಳಿಯನದು. ಅಂದಹಾಗೆ ನಿನ್ನ ಮೊಮ್ಮಗಳಿಗೂ ಆ ಖಾತೆ ಮಾಡಿಸಲು ಹೇಳು, ವರ್ಷಕ್ಕೆ 250 ರೂಪಾಯಿಯಿಂದಲೂ ನಡೆಯುತ್ತದೆ. ಅಳಿಯನನ್ನೇ ಕಚೇರಿಗೆ ಕಳಿಸು.

ಜೇನುತುಪ್ಪದ ವಿಚಾರದಲ್ಲಿ ನಾನು ನಿನಗಿಂತ ಮುಂಚೆಯೇ ಬೈಸಿಕೊಂಡವನು. ಸೊಸೆ ತವರಿನಿಂದ ಐದು ತಿಂಗಳ ಕೂಸನ್ನು ಕರೆತಂದ ದಿನ ನಾನು ಜೇನಿಗೆ ಬೆರಳದ್ದಿ ಮಗುವಿನ ಬಾಯಿಗೆ ಹಿಡಿದೆ. ಅವಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಮಾವನ ಕೈ ಹಿಡಿಯುವುದೆಂದರೇನು! ಎರಡು ದಿನ ನಾನು ಸಾರನ್ನ ಮಾತ್ರ ತಿಂದು ಎದ್ದೆ, ಮುನಿಸು ಎಲ್ಲರಿಗೂ ಗೊತ್ತಾಗಲಿ ಎಂದು. ಕೊನೆಗೆ ಮಕ್ಕಳ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಜೇನಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣು ಇರಬಹುದಂತೆ. ನಮ್ಮ ನಿಮ್ಮ ಹೊಟ್ಟೆಯಲ್ಲಿ ಅದರ ಆಟ ನಡೆಯುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಟ್ಟರೆ ಮಗುವಿನ ಸ್ನಾಯುಗಳೆಲ್ಲ ಸೋತುಹೋಗುತ್ತವೆ. ಅದಕ್ಕೇ ಒಂದು ವರ್ಷ ತುಂಬುವ ತನಕ ಜೇನು ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟರೆ ನೀರೂ ಬೇಡ. ಬಜೆಯೂ ಅದರಲ್ಲೇ ಬಂತು. "ನಮ್ಮನ್ನೆಲ್ಲ ಹಾಗೇ ಬೆಳೆಸಲಿಲ್ಲವೇ" ಎಂದು ನೀನು ಕೇಳುತ್ತೀ. ಬೆಳೆದವರು ಮಾತ್ರ ತಾನೇ ಈ ಮಾತು ಆಡಲು ಉಳಿದಿರುವುದು. ನಮ್ಮಮ್ಮ ಕಳೆದುಕೊಂಡ ಎರಡು ಕೂಸುಗಳನ್ನು ಕೇಳುವವರು ಯಾರು?

ಕೈ ತೊಳೆದುಕೊಂಡೇ ಎತ್ತಿಕೋ. ಹೆಮ್ಮೆಗೆ ಕುಂದು ಬಂದರೆ ಸೋಪಿನ ಜೊತೆ ಅದನ್ನೂ ತೊಳೆದುಕೋ.

ಏನಾದರೂ ಕೊಡಲೇಬೇಕು ಎಂದು ಕೈ ತುರಿಸುತ್ತಿದ್ದರೆ ಚನ್ನಪಟ್ಟಣದಲ್ಲಿ ಇಳಿದು ಒಂದು ಗಿಲಕಿ ತಾ. ಹಾಲೆ ಮರವನ್ನು ತಿರುಗಣೆಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅರಿಸಿನದಂಥ ಗಿಡಮೂಲದ ಬಣ್ಣದ್ದೇ ಬೇಕು ಎಂದು ಕೇಳಿ ಕೊಳ್ಳು, ಮಗು ಅದನ್ನು ಆಡಿಸುವುದಕ್ಕಿಂತ ಹೆಚ್ಚು ಚೀಪುತ್ತದೆ. ಮೊಬೈಲು ಮಾತ್ರ ಕೈಗೆ ಕೊಡಬೇಡ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಈ ಒಂದರಲ್ಲಿ ಮಾತ್ರ ಅಪ್ಪ ಅಮ್ಮನಿಗಿಂತ ತಾತನೇ ಬೇಗ ಸೋಲುತ್ತಾನೆ, ನೋಡಿದ್ದೇನೆ.

ಇಷ್ಟು ಹೇಳಿ, ಬೇಡಗಳ ಪಟ್ಟಿ ಕೊಟ್ಟು ಮುಗಿಸಿದರೆ ನನ್ನಂಥ ಅರಸಿಕ ಇನ್ನೊಬ್ಬನಿಲ್ಲ. ಹೋದ ದಸರಾ ರಜೆಯ ಕಥೆ ಕೇಳು.

ಐದೂ ಮೊಮ್ಮಕ್ಕಳು ಸೇರಿದ್ದರು. ಮಗನ ಇಬ್ಬರು ಇಲ್ಲೇ ಇರುವವರು, ಹತ್ತರ ಹುಡುಗಿ, ಆರರ ಹುಡುಗ. ಹಾಸನದಿಂದ ಎಂಟರವನು, ಮೂರರವಳು. ಜರ್ಮನಿಯಿಂದ ನಾಲ್ಕರವಳು. ಗೊಂಬೆ ಕೂರಿಸಿಯಾಗಿತ್ತು. ಮಧ್ಯಾಹ್ನ ನಿನ್ನ ಅತ್ತೆ ಒರಗಿದ್ದಾಗ ನಾನು ಹಳೆಯ ಟ್ರಂಕಿನಿಂದ ಒಂದು ಇಂಕ್ ಪ್ಯಾಡು, ಯಾವುದೋ ಅಂಗಡಿಯವನು ಎಂದೋ ಕೊಟ್ಟಿದ್ದ "ಪಾವತಿಯಾಗಿದೆ" ಎನ್ನುವ ರಬ್ಬರ್ ಮುದ್ರೆ, ಐವತ್ತು ಪೈಸೆಯ ಒಂದು ಕಟ್ಟು ಕಾರ್ಡು ತೆಗೆದೆ. ಹತ್ತು ನಿಮಿಷದಲ್ಲಿ ಹಾಲು ಅಂಚೆ ಕಚೇರಿಯಾಯಿತು. ದೊಡ್ಡವಳು ತಾನೇ ಪೋಸ್ಟ್‌ಮಾಸ್ಟರು ಎಂದು ಕೂತಳು. ಆರರವನಿಗೆ ಬಟವಾಡೆ. ಎಂಟರವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಾತ, ಇದನ್ನ ಎಲ್ಲರೂ ಓದಬಹುದಲ್ಲ, ಗುಟ್ಟು ಹೇಗೆ ಬರೆಯೋದು?" ಅಂದ. ಮೂವತ್ತೆಂಟು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆಯೇನಲ್ಲ. ಊರಿನ ಎಷ್ಟೋ ಗುಟ್ಟುಗಳನ್ನು ಕಾರ್ಡಿನ ಮೇಲೆ ಓದಿಯೂ ಓದದವನಂತೆ ಮುಟ್ಟಿಸಿದ್ದೇನೆ. ಅವನಿಗೆ ಲಕೋಟೆ ಕೊಟ್ಟೆ. ಮೂಲೆಗೆ ಹೋಗಿ ಅರ್ಧ ಗಂಟೆ ಕೂತು, ನಾಲ್ಕೂ ಅಂಚಿಗೆ ಗೋಂದು ಮೆತ್ತಿ ತಂದ. ನನ್ನ ಹೆಸರಿಗೇ ಇತ್ತು. ಕತ್ತರಿಯಲ್ಲಿ ಬಿಡಿಸಿ ನೋಡಿದರೆ ಒಳಗೆ ಏನೂ ಇಲ್ಲ. "ಅಯ್ಯೋ, ಬರೆಯೋಕೇ ಮರೆತುಬಿಟ್ಟೆ" ಅಂದ.

ಅಷ್ಟರಲ್ಲಿ ಮೂರರವಳು ಕಾಣಿಸಲಿಲ್ಲ. ಠಪ್ ಠಪ್ ಸದ್ದು ಗೊಂಬೆಗಳ ಕಡೆಯಿಂದ ಬರುತ್ತಿತ್ತು. ನಿನ್ನ ಅತ್ತೆ ಮದುವೆಯಲ್ಲಿ ತವರಿನಿಂದ ತಂದ ರಕ್ತಚಂದನದ ಪಟ್ಟದ ಗೊಂಬೆಗಳು ಗೊತ್ತಲ್ಲ? ರಾಣಿಯ ರೇಷ್ಮೆ ಸೆರಗಿನ ಮೇಲೆ ನೇರಳೆ ಅಕ್ಷರದಲ್ಲಿ "ಪಾವತಿಯಾಗಿದೆ". ರಾಜನ ಪೇಟದ ಮೇಲೂ. ನಿನ್ನ ಅತ್ತೆ ಎದ್ದು ಬಂದು ನೋಡಿದಳು. ಐದು ಮಕ್ಕಳೂ ನನ್ನ ಕಡೆ ಬೆರಳು ತೋರಿಸಿದವು. ಬೈಸಿಕೊಂಡವನು ನಾನೊಬ್ಬನೇ. ಇಂಥ ಬೈಗುಳ ಎಷ್ಟು ಹಿತವಾಗಿರುತ್ತದೆಂದರೆ, ಸಂಜೆ ಆ ಸೆರಗನ್ನು ನಿಂಬೆಹುಳಿ ಹಾಕಿ ಉಜ್ಜುತ್ತಾ ಕೂತಾಗಲೂ ನಗು ತಡೆಯಲಾಗಲಿಲ್ಲ. ಕಲೆ ಪೂರ್ತಿ ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು ಎಂದು ಉಜ್ಜುವುದನ್ನು ಬಿಟ್ಟೆ, ಇದು ನಿನ್ನಲ್ಲೇ ಇರಲಿ.

ಜರ್ಮನಿಯವಳ ಜೊತೆ ಉಳಿದ ದಿನವೆಲ್ಲ ವಿಡಿಯೊ ಕರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಅವಳ ಸಂಜೆ ಐದು ಗಂಟೆ ಬೇಸಿಗೆಯಲ್ಲಿ ನನಗೆ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಚಳಿಗಾಲದಲ್ಲಿ ನಾನು ತೂಕಡಿಸುತ್ತೇನೆ, "ತಾತ ಆಫ್ ಆದ" ಅನ್ನುತ್ತಾಳೆ. ಅವಳು ಕನ್ನಡದಲ್ಲಿ ಜರ್ಮನ್ ಬೆರೆಸಿದರೆ ನಾನು ತಿದ್ದುವುದಿಲ್ಲ. ತಿದ್ದಿದ ದಿನ ಬೇಗ ಫೋನ್ ಇಟ್ಟಳು, ಒಂದೇ ಸಲಕ್ಕೆ ಬುದ್ಧಿ ಬಂತು. ಈಗ ನಾನೇ ದಿನಕ್ಕೊಂದು ಕನ್ನಡ ಮಾತು ಬೇಕೆಂದೇ ತಪ್ಪು ಹೇಳುತ್ತೇನೆ. ನಾಯಿ ಮ್ಯಾಂವ್ ಅಂತು ಅಂದರೆ ಪರದೆಯ ಆಚೆ ಎದ್ದು ನಿಂತು ತಿದ್ದುತ್ತಾಳೆ, ಅಚ್ಚ ಕನ್ನಡದಲ್ಲಿ.

ಇನ್ನೊಂದು ಮಾತು, ಇದನ್ನು ಹೇಳಲು ಮನಸ್ಸಿಲ್ಲ. ಐದನೇ ತಿಂಗಳಿಗೋ ಏಳನೇ ತಿಂಗಳಿಗೋ ಬೀಗರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಸಾಂಬ್ರಾಣಿ ಹೊಗೆ, ಒಣಹಾಕಿದ ಚೌಕಳಿ ಬಟ್ಟೆ, ನಡುರಾತ್ರಿಯ ಅಳು ಎಲ್ಲ ಒಂದೇ ದಿನಕ್ಕೆ ನಿಂತುಹೋಗುತ್ತವೆ. ಆ ರಾತ್ರಿ ನಿನಗೆ ನಿದ್ದೆ ಬರುವುದಿಲ್ಲ. ಆಗ ಫೋನ್ ಮಾಡು, ನಾನು ಆಫ್ ಆಗಿರುವುದಿಲ್ಲ.

ತೊಟ್ಟಿಲ ವಿಚಾರ. ಅಪ್ಪ ಮಾಡಿಸಿದ್ದು ನಮ್ಮ ಅಟ್ಟದ ಮೇಲೆ ಈಗಲೂ ಇದೆ. ಮೊದಲು ಮಲಗಿದವನು ನೀನು, ನಿನ್ನ ಹಿಂದೆ ನನ್ನ ಮೂವರು, ಅವರ ಹಿಂದೆ ನಾಲ್ಕು ಮೊಮ್ಮಕ್ಕಳು. ಜರ್ಮನಿಯಲ್ಲಿ ಪುಷ್ಯ ಮಾಸಕ್ಕೆ ಆರನೆಯ ಮೊಮ್ಮಗು ಬರುತ್ತಿದೆ. ನಿನ್ನ ಅತ್ತೆ ಬಾಣಂತನಕ್ಕೆ ಹೊರಟಿದ್ದಾಳೆ, ವೀಸಾ ತೊಂಬತ್ತೇ ದಿನ. ತೊಟ್ಟಿಲು ವಿಮಾನ ಹತ್ತುವುದಿಲ್ಲ. ನಿನ್ನೆ ಇಳಿಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಒಂದು ಕೊಂಡಿ ಸಡಿಲವಿತ್ತು, ಹೊಸದು ಹಾಕಿಸಿದೆ. ನಾಮಕರಣದ ಹೊತ್ತಿಗೆ ಟೆಂಪೊದಲ್ಲಿ ಕಳಿಸಬಲ್ಲೆ. ನಿಮ್ಮ ಹಾಲಿನ ಸೂರಿಗೆ ಕೊಕ್ಕೆ ಇದೆಯೋ ಇಲ್ಲವೋ ನೋಡು. ಅದಕ್ಕೆ ಮುಂಚೆ ಮಗಳನ್ನು ಕೇಳು. ಅವಳು ಬೇಡ ಅಂದರೆ ಇಲ್ಲೇ ಇರಲಿ, ಹಾಸನದಿಂದ ಬಂದಿರುವ ಮೂರರವಳು ಈಗಾಗಲೇ ಅದರೊಳಗೆ ಹರಳೆಣ್ಣೆ ಬಾಟಲಿಯನ್ನು ಮಲಗಿಸಿ ತೂಗುತ್ತಿದ್ದಾಳೆ.

ಇಂತಿ ನಿನ್ನ ಮಾವ