ನ್ಯೂಕ್ಲಿಯಸ್‌ನ ಬಾಗಿಲಲ್ಲಿ ತಳ್ಳುವವರು ಯಾರು?

ನಮ್ಮಲ್ಲಿ ಹೆಚ್ಚಿನವರು ಬಯಾಲಜಿಗೆ ಕೈಮುಗಿದು ಇಂಜಿನಿಯರಿಂಗ್ ಕಡೆ ಬಂದವರು. ಜೀವಕೋಶ ಅಂದ್ರೆ ಈಗಲೂ ಕಣ್ಣಮುಂದೆ ಬರೋದು ಹೈಸ್ಕೂಲಿನ ಆ ಚಿತ್ರ: ದೊಡ್ಡದೊಂದು ವೃತ್ತ, ಅದರೊಳಗೊಂದು ಚಿಕ್ಕ ವೃತ್ತ, ಚಿಕ್ಕದಕ್ಕೆ ಗೆರೆ ಎಳೆದು 'ಕೋಶಕೇಂದ್ರ' ಅಂತ ಬರೆದರೆ ಒಂದು ಅಂಕ. ಆ ಚಿಕ್ಕ ವೃತ್ತವನ್ನು ದಾಟಿ ಒಳಗೆ ಹೋಗೋದು ಹೇಗೆ ಅಂತ ಆಗ ಯಾರೂ ಕೇಳಲಿಲ್ಲ. ಈ ಸಲ ಅದನ್ನೇ ನೋಡೋಣ.

ಸಮಸ್ಯೆ ಇಷ್ಟು. ಡಿಎನ್‌ಎ ಇರೋದು ನ್ಯೂಕ್ಲಿಯಸ್ ಒಳಗೆ. ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಕೆಲಸ ಮಾಡೋದು ಹೊರಗೆ, ಸೈಟೋಪ್ಲಾಸಂನಲ್ಲಿ. ಆದರೆ ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನ್‌ಗಳು, ಅದರ ನಕಲು ತೆಗೆಯುವ ಪಾಲಿಮರೇಸ್‌ಗಳು, ತುಂಡಾದಲ್ಲಿ ಜೋಡಿಸುವ ರಿಪೇರಿ ಪ್ರೋಟೀನ್‌ಗಳು, ಇವೆಲ್ಲ ಬೇಕಾಗಿರೋದು ಒಳಗೆ. ಪ್ರತಿಯೊಂದೂ ಹೊರಗೆ ತಯಾರಾಗಿ ಗಡಿ ದಾಟಬೇಕು. ಹಾಗಾದರೆ ಯಾರನ್ನು ಒಳಗೆ ಬಿಡಬೇಕು? ಮತ್ತು ಸಾಗಾಟ ಒಳಮುಖವಾಗಿಯೇ ನಡೆಯುವಂತೆ ನೋಡಿಕೊಳ್ಳೋದು ಯಾರು? ಎರಡೂ ಒಂದೇ ಪ್ರಶ್ನೆ ಅನ್ನಿಸುತ್ತೆ, ಆದರೆ ಜೀವಕೋಶ ಇವನ್ನು ಬೇರೆ ಬೇರೆಯಾಗಿಯೇ ಬಿಡಿಸಿಕೊಂಡಿದೆ.

ಬಾಗಿಲು

ನ್ಯೂಕ್ಲಿಯಸ್‌ಗೆ ಎರಡು ಪದರದ ಪೊರೆ ಇದೆ. ಅದರಲ್ಲಿ ಅಲ್ಲಲ್ಲಿ ರಂಧ್ರಗಳು. ಒಂದೊಂದು ರಂಧ್ರವನ್ನೂ 'ನ್ಯೂಕ್ಲಿಯರ್ ಪೋರ್ ಕಾಂಪ್ಲೆಕ್ಸ್' ಎಂಬ ದೊಡ್ಡ ರಚನೆ ಹಿಡಿದಿಟ್ಟಿದೆ. ಸುಮಾರು 30 ಬಗೆಯ ಪ್ರೋಟೀನ್‌ಗಳು, ಒಂದೊಂದರದೂ ಹಲವು ಪ್ರತಿಗಳು, ಮೇಲಿನಿಂದ ನೋಡಿದರೆ ಎಂಟು ಸಮಭಾಗಗಳ ಉಂಗುರ. ಮೆಕ್ಯಾನಿಕಲ್‌ನವರಿಗೆ ಎಂಟು ಬೋಲ್ಟ್ ಹಾಕಿದ ಫ್ಲ್ಯಾಂಜ್ ನೆನಪಾಗಬಹುದು.

ಈ ಬಾಗಿಲಿಗೆ ಕದ ಇಲ್ಲ. ಮಧ್ಯದ ದಾರಿಯಲ್ಲಿ ಸಡಿಲವಾದ ಪ್ರೋಟೀನ್ ಎಳೆಗಳು ಒತ್ತೊತ್ತಾಗಿ ತುಂಬಿಕೊಂಡಿವೆ. ಅಯಾನ್, ಸಕ್ಕರೆ, ಎಟಿಪಿಯಂಥ ಸಣ್ಣ ಕಣಗಳು ಅವುಗಳ ನಡುವೆ ತಾವಾಗಿಯೇ ನುಸುಳುತ್ತವೆ. ಗಾತ್ರ ಹೆಚ್ಚಿದಂತೆ ನುಸುಳೋದು ಕಷ್ಟ. ಸುಮಾರು 40 ಕಿಲೋಡಾಲ್ಟನ್ ದಾಟಿದ ಪ್ರೋಟೀನ್‌ಗೆ ಒಂಟಿಯಾಗಿ ದಾರಿ ಬಹುಪಾಲು ಮುಚ್ಚಿದ ಹಾಗೆಯೇ.

ವಿಳಾಸ

ಯಾರನ್ನು ಬಿಡಬೇಕು ಅನ್ನೋದಕ್ಕೆ ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯ ಮೊಟ್ಟೆಕೋಶದಲ್ಲಿ. ನ್ಯೂಕ್ಲಿಯೋಪ್ಲಾಸ್ಮಿನ್ ಅನ್ನೋ ಪ್ರೋಟೀನ್ ಐದು ಘಟಕಗಳ ಗುಂಪು, ಪ್ರತಿ ಘಟಕಕ್ಕೂ ಒಂದು ಬಾಲ. 1982ರಲ್ಲಿ ರಾನ್ ಲಾಸ್ಕಿ ಅವರ ತಂಡ ಬಾಲಗಳನ್ನು ಕತ್ತರಿಸಿ ನೋಡಿತು. ಬಾಲವಿಲ್ಲದ ಗುಂಪು ಹೊರಗೇ ಉಳಿಯಿತು. ಐದರಲ್ಲಿ ಒಂದು ಬಾಲ ಉಳಿಸಿದರೂ ಸಾಕು, ಇಡೀ ಗುಂಪು ಒಳಗೆ! ಅಂದರೆ ಗುರುತಿನ ಚೀಟಿ ಬಾಲದಲ್ಲಿದೆ.

1984ರಲ್ಲಿ ಆ ಚೀಟಿ ಎಷ್ಟು ಚಿಕ್ಕದಿರಬಹುದು ಅನ್ನೋದೂ ತಿಳಿಯಿತು. ಎಸ್‌ವಿ40 ಎಂಬ ವೈರಸ್‌ನ ಒಂದು ಪ್ರೋಟೀನ್‌ನಲ್ಲಿ ಅದು ಬರೀ 7 ಅಮೈನೋ ಆಮ್ಲಗಳ ಸಾಲು: ಪ್ರೋಲಿನ್, ಲೈಸಿನ್, ಲೈಸಿನ್, ಲೈಸಿನ್, ಆರ್ಜಿನಿನ್, ಲೈಸಿನ್, ವ್ಯಾಲಿನ್. ಈ ಸಾಲನ್ನು ಸಂಬಂಧವೇ ಇಲ್ಲದ ಬೇರೊಂದು ಪ್ರೋಟೀನ್‌ಗೆ ಅಂಟಿಸಿದರೆ ಅದೂ ನ್ಯೂಕ್ಲಿಯಸ್ ಸೇರುತ್ತೆ. ಒಂದೇ ಒಂದು ಲೈಸಿನ್ ಬದಲಾದರೆ ವೈರಸ್‌ನ ಸ್ವಂತ ಪ್ರೋಟೀನೂ ಬಾಗಿಲ ಹೊರಗೇ ಉಳಿಯುತ್ತೆ.

ಇನ್ನೊಂದು ವಿಷಯ ಗಮನಿಸಿ. ಒಳಗೆ ಹೋದ ಮೇಲೆ ಈ ವಿಳಾಸವನ್ನು ಕತ್ತರಿಸಿ ಎಸೆಯೋದಿಲ್ಲ. ಕಾರಣ ಇದೆ: ನಮ್ಮ ಜೀವಕೋಶ ವಿಭಜನೆಯಾಗುವಾಗ ನ್ಯೂಕ್ಲಿಯಸ್‌ನ ಪೊರೆಯೇ ಕಳಚಿಹೋಗಿ ಒಳಗಿದ್ದ ಪ್ರೋಟೀನ್‌ಗಳು ಹೊರಗೆ ಚದುರುತ್ತವೆ. ಪೊರೆ ಮತ್ತೆ ಕಟ್ಟಿದಾಗ ಅದೇ ಐಡಿ ಕಾರ್ಡ್ ತೋರಿಸಿ ವಾಪಸ್ ಬರಬೇಕು.

ಹೊರುವವರು

ವಿಳಾಸವನ್ನು ಓದೋದು ಬಾಗಿಲಲ್ಲ, ಹಮಾಲರು. 1990ರ ದಶಕದ ಮಧ್ಯದಲ್ಲಿ ಸಿಕ್ಕ ಇವರ ಹೆಸರು ಇಂಪೋರ್ಟಿನ್. ಇಂಪೋರ್ಟಿನ್-ಆಲ್ಫಾ ವಿಳಾಸವನ್ನು ಹಿಡಿಯುತ್ತೆ. ಇಂಪೋರ್ಟಿನ್-ಬೀಟಾ ಆಲ್ಫಾವನ್ನು ಹಿಡಿಯುತ್ತೆ. ಬಾಗಿಲೊಳಗಿನ ಎಳೆಗಳಿಗೆ ಬೀಟಾ ಜೊತೆ ಸ್ನೇಹ. ಅವು ಬೀಟಾಗೆ ಹಗುರವಾಗಿ ಅಂಟಿ, ಕೂಡಲೇ ಬಿಡುತ್ತವೆ. ಹೀಗೆ ಅಂಟಿಬಿಟ್ಟು ಅಂಟಿಬಿಟ್ಟು ಸರಕು ಕೆಲವು ಮಿಲಿಸೆಕೆಂಡುಗಳಲ್ಲಿ ದಾಟಿಬಿಡುತ್ತೆ.

ಇಲ್ಲಿ ಮೋಟಾರ್ ಎಲ್ಲಿದೆ? ಎಲ್ಲೂ ಇಲ್ಲ. ಎಳೆಗಳ ನಡುವೆ ನಡೆಯೋದು ಬರೀ ಡಿಫ್ಯೂಷನ್, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಕೆಲವೊಮ್ಮೆ ಉಲ್ಟಾ. ಒಳಗೆ ಬಂದವರು ಅದೇ ದಾರಿಯಲ್ಲಿ ಹೊರಗೂ ಹೋಗಬಹುದು. ಹಾಗಾದರೆ ದಿಕ್ಕು ಎಲ್ಲಿಂದ ಬಂತು?

ದಿಕ್ಕು

ಇದಕ್ಕೆ ಉತ್ತರ ರಾನ್ ಎಂಬ ಪುಟ್ಟ ಪ್ರೋಟೀನ್. ಇದು ಎರಡು ಸ್ಥಿತಿಯ ಸ್ವಿಚ್. ಜಿಟಿಪಿ ಹಿಡಿದಿದ್ದರೆ ಒಂದು ಸ್ಥಿತಿ, ಜಿಡಿಪಿ ಹಿಡಿದಿದ್ದರೆ ಇನ್ನೊಂದು. ಇದು ಬಜೆಟ್ ಭಾಷಣದ ಜಿಡಿಪಿ ಅಲ್ಲ, ಜಿಟಿಪಿಯಿಂದ ಒಂದು ಫಾಸ್ಫೇಟ್ ಕಳಚಿದ ಅಣು.

ಜಾಣತನ ಇರೋದು ಸ್ವಿಚ್ ಒತ್ತುವವರನ್ನು ಇಟ್ಟ ಜಾಗದಲ್ಲಿ. ರಾನ್‌ಗೆ ಹೊಸ ಜಿಟಿಪಿ ತುಂಬುವ ಆರ್‌ಸಿಸಿ1 ಡಿಎನ್‌ಎ ಇರುವ ಕ್ರೋಮಾಟಿನ್‌ಗೆ ಅಂಟಿಕೊಂಡು ಒಳಗಿರುತ್ತೆ. ಸಿವಿಲ್‌ನವರು ಖುಷಿಪಡಬೇಡಿ, ಇದು ಕಾಂಕ್ರೀಟ್ ಅಲ್ಲ. ಜಿಟಿಪಿಯನ್ನು ಜಿಡಿಪಿ ಮಾಡಿಸುವ ರಾನ್‌ಗ್ಯಾಪ್ ಇರೋದು ಹೊರಗೆ. ಹಾಗಾಗಿ ಒಳಗೆ ರಾನ್-ಜಿಟಿಪಿ ಸದಾ ಹೆಚ್ಚು, ಹೊರಗೆ ಸದಾ ಕಡಿಮೆ.

ಸರಕು ಹೊತ್ತ ಇಂಪೋರ್ಟಿನ್ ಒಳಗೆ ಬಂತು ಅಂದುಕೊಳ್ಳಿ. ರಾನ್-ಜಿಟಿಪಿ ಬಂದು ಬೀಟಾವನ್ನು ಹಿಡಿದರೆ ಸರಕು ಕಳಚಿಕೊಳ್ಳುತ್ತೆ. ಹಮಾಲನಿಲ್ಲದ ಸರಕಿಗೆ ವಾಪಸ್ ಹೋಗುವ ದಾರಿಯಿಲ್ಲ. ಬೀಟಾ ಮಾತ್ರ ರಾನ್-ಜಿಟಿಪಿ ಜೊತೆ ಹೊರಗೆ ಹೋಗುತ್ತೆ, ಅಲ್ಲಿ ಜಿಟಿಪಿ ಒಡೆದು ಬಿಡುಗಡೆಯಾಗಿ ಮುಂದಿನ ಟ್ರಿಪ್‌ಗೆ ಸಿದ್ಧ. ಆಲ್ಫಾ ಕೂಡ ಇನ್ನೊಂದು ರಾನ್-ಜಿಟಿಪಿಯ ನೆರವಿನಿಂದಲೇ ವಾಪಸಾಗುತ್ತೆ. ಹೀಗೆ ಒಂದು ಸುತ್ತಿಗೆ ಎರಡು ಜಿಟಿಪಿ ಖರ್ಚು.

ಹಾಸ್ಟೆಲ್ ಟೆರೇಸಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿ ತಿರುಗಿಸಿದಾಗ ನೀರನ್ನು ಯಾರೂ ತಳ್ಳೋದಿಲ್ಲ. ಕರೆಂಟ್ ಖರ್ಚಾಗಿದ್ದು ಪಂಪ್‌ನಲ್ಲಿ, ಮೇಲೆ ಕೆಳಗೆ ಎಂಬ ವ್ಯತ್ಯಾಸ ಕಾಯ್ದುಕೊಳ್ಳಲು. ಇಲ್ಲೂ ಹಾಗೆಯೇ. ಶಕ್ತಿ ವ್ಯಯವಾಗೋದು ಬಾಗಿಲು ದಾಟಿಸಲು ಅಲ್ಲ, ಒಳಗು ಹೊರಗು ಎಂಬ ವ್ಯತ್ಯಾಸವನ್ನು ಉಳಿಸಲು.

ಇದು ಬರೀ ಹೋಲಿಕೆ ಅಲ್ಲ, ಪರೀಕ್ಷೆಗೆ ಒಳಗಾದ ಮಾತು. ಹೊರಗೆ ಸಾಗಬೇಕಾದ ಸರಕಿಗೆ ಎಕ್ಸ್‌ಪೋರ್ಟಿನ್ ಎಂಬ ಬೇರೆ ಹಮಾಲರಿದ್ದಾರೆ. ಅವರ ನಿಯಮ ತಿರುಗುಮುರುಗು, ರಾನ್-ಜಿಟಿಪಿ ಜೊತೆಗಿದ್ದರೆ ಮಾತ್ರ ಸರಕು ಎತ್ತುತ್ತಾರೆ. 1999ರಲ್ಲಿ ಮ್ಯಾಕ್ಸೆನ್ಸ್ ನಾಚುರಿ ಮತ್ತು ಕಾರ್ಸ್ಟನ್ ವೈಸ್ ಹೊರಗಡೆ ರಾನ್-ಜಿಟಿಪಿ ಪ್ರಮಾಣವನ್ನು ಬೇಕಂತಲೇ ಹೆಚ್ಚಿಸಿದರು. ಹೊರಗೆ ಹೋಗಬೇಕಾದ ಸರಕು ಅದೇ ಬಾಗಿಲಿನಿಂದ ಒಳಗೆ ಹೋಯಿತು! ಬಾಗಿಲು ಬದಲಾಗಿರಲಿಲ್ಲ, ವಿಳಾಸ ಬದಲಾಗಿರಲಿಲ್ಲ. ವ್ಯತ್ಯಾಸ ತಿರುಗಿತು, ದಿಕ್ಕೂ ತಿರುಗಿತು.

ಒಂದು ಅಕ್ಷರದ ಬೆಲೆ

ಇದನ್ನೆಲ್ಲ ತಿಳಿದು ನಮಗೇನಾಗಬೇಕು ಅಂತೀರಾ? ಎಎಲ್‌ಎಸ್ ಕಾಯಿಲೆಯ ಹೆಸರನ್ನು ಸ್ಟೀಫನ್ ಹಾಕಿಂಗ್ ಅವರಿಂದ ನಾವು ಕೇಳಿದ್ದೇವೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಕಾಯಿಲೆ ಅದು. ಅದರ ಒಂದು ಅಪರೂಪದ ಬಗೆಗೆ ಕಾರಣ ಎಫ್‌ಯುಎಸ್ ಎಂಬ ಪ್ರೋಟೀನ್. 526 ಅಮೈನೋ ಆಮ್ಲಗಳ ಈ ಪ್ರೋಟೀನ್‌ನ ವಿಳಾಸ ಇರೋದು ಕಟ್ಟಕಡೆಯಲ್ಲಿ. ಅದನ್ನು ಓದೋದು ಬೀಟಾದ ದಾಯಾದಿ ಟ್ರಾನ್ಸ್‌ಪೋರ್ಟಿನ್. 525ನೇ ಜಾಗದಲ್ಲಿ ಪ್ರೋಲಿನ್ ಬದಲು ಲ್ಯೂಸಿನ್ ಬಂದರೆ ಓದು ತಪ್ಪುತ್ತೆ. ಒಳಗೆ ದುಡಿಯಬೇಕಾದ ಪ್ರೋಟೀನ್ ನರಕೋಶದ ಸೈಟೋಪ್ಲಾಸಂನಲ್ಲಿ ರಾಶಿಯಾಗುತ್ತೆ. ಈ ಬದಲಾವಣೆ ಇರುವವರಲ್ಲಿ ಕಾಯಿಲೆ ಎಷ್ಟೋ ಸಲ ನಮ್ಮ ವಯಸ್ಸಿನಲ್ಲೇ, ಅದಕ್ಕಿಂತ ಮೊದಲೇ ಶುರುವಾಗುತ್ತೆ.

ಅದೇ ತಿಳುವಳಿಕೆ ಕಟ್ಟುವ ಕೆಲಸಕ್ಕೂ ಬರುತ್ತೆ. ಜೀನ್ ಎಡಿಟಿಂಗ್‌ನ ಕ್ಯಾಸ್9 ಮೂಲದಲ್ಲಿ ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾಗೆ ನ್ಯೂಕ್ಲಿಯಸ್ಸೇ ಇಲ್ಲ, ಇನ್ನು ವಿಳಾಸ ಎಲ್ಲಿಂದ ಬರಬೇಕು? ಸುಮಾರು 160 ಕಿಲೋಡಾಲ್ಟನ್‌ನ ಈ ದೈತ್ಯ ತಾನಾಗಿ ನುಸುಳುವ ಮಾತೂ ಇಲ್ಲ. ಹಾಗಾಗಿ ಅದಕ್ಕೆ ನ್ಯೂಕ್ಲಿಯಸ್‌ನ ವಿಳಾಸ ಅಂಟಿಸಿಯೇ ಕಳಿಸುತ್ತಾರೆ. ಎಷ್ಟೋ ಸಲ ಅಂಟಿಸೋದು 1984ರ ಆ ಏಳರ ಸಾಲನ್ನೇ.

ಕಡೆಗೊಂದು ಪ್ರಶ್ನೆ, ಕ್ಯಾಂಟೀನಿನಲ್ಲಿ ಚರ್ಚೆಗೆ: ಆರ್‌ಸಿಸಿ1 ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ ಟ್ರಾಫಿಕ್ ಮೊದಲು ಜಾಮ್ ಆಗೋದು ಎಲ್ಲಿ, ಬಾಗಿಲ ಹೊರಗೋ ಒಳಗೋ? ಸರಕು ಇಳಿಸುವವರು ಯಾರು ಅಂತ ನೆನಪಿಸಿಕೊಂಡರೆ ಉತ್ತರ ದೂರವಿಲ್ಲ.