ಪರದೆಯು ಮಿಣುಕುವುದೇಕೆ?

ಕಳೆದ ಬೇಸಿಗೆಯಲ್ಲಿ ನವಲಗುಂದ ತಾಲೂಕಿನ ಒಂದು ಸಣ್ಣ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೊಂದು ತೊಡಕು ಎದುರಾಯಿತು. ಅಲ್ಲಿ ಒಂದು ಲ್ಯಾಪ್‌ಟಾಪ್, ಅದಕ್ಕೊಂದು ಡಾಕಿಂಗ್ ಸ್ಟೇಷನ್, ಅದರ ಮೂಲಕ ಜೋಡಿಸಿದ ಎರಡು ಮಾನಿಟರುಗಳು ಇದ್ದವು. ಒಂದರ ಮೇಲೆ ಪ್ರಯೋಗದ ಅಂಕಿಗಳು, ಇನ್ನೊಂದರ ಮೇಲೆ ಅವುಗಳ ಆಲೇಖ. ಎಡಗಡೆಯ ಮಾನಿಟರು ನಾಲ್ಕಾರು ನಿಮಿಷಗಳಿಗೊಮ್ಮೆ ಕಪ್ಪಾಗಿ, ಎರಡು ಮೂರು ಸೆಕೆಂಡುಗಳ ಬಳಿಕ ಮತ್ತೆ ಬೆಳಗುತ್ತಿತ್ತು. ಪ್ರಾಯೋಗಿಕ ಪರೀಕ್ಷೆಗೆ ಹತ್ತೇ ದಿನಗಳು ಉಳಿದಿದ್ದವು. “ಮಾನಿಟರು ಕೆಟ್ಟಿದೆ, ಹೊಸದನ್ನು ತರಿಸಿರಿ” ಎಂಬುದೇ ಎಲ್ಲರ ತೀರ್ಪು. ಆದರೆ ಇದ್ದ ಹಣವೆಲ್ಲ ವರ್ಷದ ಇತರ ಉಪಕರಣಗಳಿಗೆಂದು ತೆಗೆದಿಟ್ಟುದು. ತೀರ್ಪಿಗೆ ಮೊದಲು ವಿಚಾರಣೆ ಆಗಬೇಕಷ್ಟೆ! ಆ ವಿಚಾರಣೆಯ ಕ್ರಮವನ್ನೇ ಇಲ್ಲಿ ವಿವರಿಸುತ್ತೇವೆ.

ಮೊದಲು ಡಾಕಿಂಗ್ ಸ್ಟೇಷನ್ ಎಂದರೇನೆಂಬುದನ್ನು ತಿಳಿಯೋಣ. ಈಚಿನ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಯುಎಸ್‌ಬಿ-ಸಿ ಎಂಬ ಕಿರಿದಾದ ಕಿಂಡಿಯಿರುತ್ತದೆ. 2014ರಲ್ಲಿ ಗೊತ್ತುಪಡಿಸಲಾದ ಈ ಕಿಂಡಿಯಲ್ಲಿ 24 ಸಂಪರ್ಕಗಳಿವೆ. ಚಿತ್ರ, ಮಾಹಿತಿ, ವಿದ್ಯುತ್ತು ಈ ಮೂರೂ ಅದೊಂದರ ಮೂಲಕವೇ ಹಾಯಬಲ್ಲವು. ಮಲಪ್ರಭೆಯ ಕಾಲುವೆಯ ನೀರನ್ನು ತೂಬುಗಳು ಹೊಲಹೊಲಕ್ಕೆ ತಿರುಗಿಸುವಂತೆ, ಡಾಕು ಇವನ್ನು ಬೇರೆಬೇರೆ ದಾರಿಗಳಿಗೆ ಹಂಚುತ್ತದೆ. ಹೀಗೆ ಲ್ಯಾಪ್‌ಟಾಪ್, ಡಾಕು, ಕೇಬಲು, ಮಾನಿಟರು ಎಂಬ ನಾಲ್ಕು ಕೊಂಡಿಗಳ ಒಂದು ಸರಪಳಿ ಏರ್ಪಡುತ್ತದೆ. ದೋಷವು ಯಾವ ಕೊಂಡಿಯಲ್ಲಿಯಾದರೂ ಇರಬಹುದು. ಆದರೆ ಅದು ಕಾಣಿಸಿಕೊಳ್ಳುವುದು ಕೊನೆಯ ಕೊಂಡಿಯಾದ ಪರದೆಯ ಮೇಲೆ. ಮಾನಿಟರಿನ ಮೇಲೆ ಸುಳ್ಳು ಅಪವಾದ ಬರುವುದು ಇದರಿಂದಲೇ.

ಇನ್ನು ಈ ಸರಪಳಿಯಲ್ಲಿ ಹರಿಯುವುದೇನು? ನವಲಗುಂದದ ಜಮಖಾನೆಯನ್ನು ನೇಯುವವರು ಒಂದೊಂದೇ ಎಳೆಯನ್ನು ಹಾಯಿಸಿ ಚಿತ್ತಾರವನ್ನು ಮೂಡಿಸುತ್ತಾರಲ್ಲವೆ? ಪರದೆಯ ಚಿತ್ರವೂ ಸಾಲುಸಾಲಾಗಿಯೇ ಬರುತ್ತದೆ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡ 1920, ಉದ್ದ 1080, ಅಂದರೆ ಒಟ್ಟು 20,73,600 ಬಿಂದುಗಳಿವೆ. ಪ್ರತಿ ಬಿಂದುವಿನ ಬಣ್ಣಕ್ಕೆ 24 ಬಿಟ್ಟುಗಳು. ಸೆಕೆಂಡಿಗೆ 60 ಚಿತ್ರಗಳು. ಇವನ್ನು ಗುಣಿಸಿದರೆ ಸೆಕೆಂಡಿಗೆ ಸುಮಾರು 299 ಕೋಟಿ ಬಿಟ್ಟುಗಳಾಗುತ್ತವೆ. ಸಾಲುಸಾಲುಗಳ ನಡುವಿನ ಬಿಡುವನ್ನೂ ಸೇರಿಸಿದರೆ ಸುಮಾರು 356 ಕೋಟಿ.

ಡಿಸ್‌ಪ್ಲೇಪೋರ್ಟ್ 1.2 ಪದ್ಧತಿಯಲ್ಲಿ ಒಂದು ಜೋಡಿ ತಂತಿಯು ಸೆಕೆಂಡಿಗೆ ಹೆಚ್ಚೆಂದರೆ 540 ಕೋಟಿ ಬಿಟ್ಟುಗಳನ್ನು ಒಯ್ಯುತ್ತದೆ. ಹತ್ತು ಬಿಟ್ಟುಗಳಲ್ಲಿ ಎಂಟು ಮಾತ್ರ ಚಿತ್ರದವು. ಉಳಿದೆರಡು ಸಂಕೇತದ ಕಟ್ಟುಪಾಡಿಗೆ ಸಲ್ಲುತ್ತವೆ. ಅನೇಕ ಡಾಕುಗಳು ನಾಲ್ಕು ಜೋಡಿಗಳಲ್ಲಿ ಎರಡನ್ನು ಮಾತ್ರ ಚಿತ್ರಕ್ಕೆ ಕೊಟ್ಟು, ಉಳಿದೆರಡನ್ನು ಇತರ ಮಾಹಿತಿಗೆ ಬಳಸುತ್ತವೆ. ಆಗ ಚಿತ್ರಕ್ಕೆ ಸಿಕ್ಕುವ ಹರಿವು 864 ಕೋಟಿ. ಎರಡು ಸಾಮಾನ್ಯ ಮಾನಿಟರುಗಳಿಗೆ 712 ಕೋಟಿ ಸಾಕು, ಮೂರನೆಯದಕ್ಕೆ ಎಡೆಯಿಲ್ಲ. ಬೇಡಿಕೆಯು ಮಿತಿಯನ್ನು ಮೀರಿದರೆ ಸಾಮಾನ್ಯವಾಗಿ ಒಂದು ಪರದೆ ಹೊತ್ತಿಕೊಳ್ಳುವುದೇ ಇಲ್ಲ, ಇಲ್ಲವೆ ಚಿತ್ರಗಳ ಸಂಖ್ಯೆ ತಗ್ಗುತ್ತದೆ. ನಮ್ಮ ಎರಡೂ ಪರದೆಗಳು ಹೊತ್ತಿಕೊಂಡಿದ್ದವು. ಆದುದರಿಂದ ಕಾರಣವು ಬೇರೆಡೆ ಇರಬೇಕು.

ಆ ಕಾರಣವನ್ನು ಊಹಿಸಲು ಮತ್ತೊಂದು ಲೆಕ್ಕ ನೆರವಾಗುತ್ತದೆ. ಸೆಕೆಂಡಿಗೆ 540 ಕೋಟಿ ಬಿಟ್ಟುಗಳು ಹರಿಯುವಾಗ ಒಂದು ಬಿಟ್ಟು ತಂತಿಯಲ್ಲಿ ಆಕ್ರಮಿಸುವ ಉದ್ದ ಸುಮಾರು 4 ಸೆಂಟಿಮೀಟರು ಮಾತ್ರ. ಇಷ್ಟು ಸೂಕ್ಷ್ಮವಾದ ಸ್ಪಂದನಗಳು ಕೇಬಲು ಮಡಿಚಿದಲ್ಲಿ ಅಥವಾ ಪ್ಲಗ್ಗು ಸಡಿಲಾದಲ್ಲಿ ಭಾಗಶಃ ಪ್ರತಿಫಲಿಸಿ ವಿರೂಪಗೊಳ್ಳುತ್ತವೆ. ಕೇಬಲು ಉದ್ದವಾದಷ್ಟೂ ಕ್ಷೀಣಿಸುತ್ತವೆ. ತಪ್ಪುಗಳು ಮಿತಿಮೀರಿದಾಗ ಮಾನಿಟರು ಎಣಿಕೆಯನ್ನು ಕಳೆದುಕೊಳ್ಳುತ್ತದೆ. ಎರಡು ತುದಿಗಳೂ ಮರಳಿ ಹೊಂದಿಕೊಳ್ಳುವವರೆಗೆ ಪರದೆ ಕಪ್ಪಾಗಿರುತ್ತದೆ.

ಊಹೆಯನ್ನು ಪರೀಕ್ಷಿಸುವ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷವು ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು.

ಮೊದಲನೆಯದಾಗಿ, ಮಾನಿಟರಿನ ಗುಂಡಿಯನ್ನೊತ್ತಿ ಅದರ ಸ್ವಂತ ಪಟ್ಟಿಯನ್ನು ಪರದೆಗೆ ತರಬೇಕು. ಈ ಪಟ್ಟಿ ಮಾನಿಟರಿನಲ್ಲಿಯೇ ಹುಟ್ಟುವಂಥದು. ಚಿತ್ರದೊಡನೆ ಪಟ್ಟಿಯ ಬೆಳಕೂ ಸದಾ ನಡುಗುತ್ತಿದ್ದರೆ ಮಾನಿಟರನ್ನು, ಇಲ್ಲವೆ ಅದರ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ಚಿತ್ರ ಮಾತ್ರ ನಡುಗಿ ಪಟ್ಟಿ ಸ್ಥಿರವಾಗಿದ್ದರೆ ದೋಷವು ಹಿಂದಿನ ಕೊಂಡಿಗಳಲ್ಲಿದೆ.

ಎರಡನೆಯದಾಗಿ, ಎರಡು ಮಾನಿಟರುಗಳ ಕೇಬಲುಗಳನ್ನು ಅದಲುಬದಲು ಮಾಡಬೇಕು. ದೋಷವು ಕೇಬಲಿನ ಜೊತೆಗೆ ಹೋಯಿತೋ, ಮಾನಿಟರಿನ ಬಳಿಯೇ ಉಳಿಯಿತೋ ನೋಡಬೇಕು.

ಮೂರನೆಯದಾಗಿ, ಅನುಕೂಲವಿದ್ದರೆ ಡಾಕನ್ನು ಬಿಟ್ಟು ಲ್ಯಾಪ್‌ಟಾಪಿಗೇ ಮಾನಿಟರನ್ನು ಜೋಡಿಸಬೇಕು. ದೋಷವು ಮಾಯವಾದರೆ ಡಾಕು, ಅದರ ಕೇಬಲು, ಅದರ ಅಡಾಪ್ಟರು ಈ ಮೂರರಲ್ಲಿ ಹುಡುಕಬೇಕು.

ನಾಲ್ಕನೆಯದಾಗಿ, ಬಿಂದುಗಳನ್ನಾಗಲಿ ಸೆಕೆಂಡಿನ ಚಿತ್ರಗಳನ್ನಾಗಲಿ ತಗ್ಗಿಸಿ ನೋಡಬೇಕು. ಹರಿವು ಇಳಿದಾಗ ಮಿಣುಕು ನಿಂತರೆ, ದಾರಿಯು ಪೂರ್ಣ ವೇಗವನ್ನು ತಾಳಲಾರದೆಂದು ತಿಳಿಯಬೇಕು.

ಐದನೆಯದಾಗಿ, ವಿಂಡೋಸ್ ವ್ಯವಸ್ಥೆಯಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆಯಬೇಕು. ಉಳಿದೆಲ್ಲ ಮಿಣುಕುವಾಗ ಅದೊಂದು ಸ್ಥಿರವಾಗಿದ್ದರೆ ಯಾವುದೋ ಒಂದು ಪ್ರೋಗ್ರಾಮು ಕಾರಣವಾಗಿರಬಹುದು. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರನ್ನು ನವೀಕರಿಸಿ ನೋಡಬೇಕು.

ನಮ್ಮಲ್ಲಿ ಎರಡನೆಯ ಪರೀಕ್ಷೆಯೇ ಗುಟ್ಟನ್ನು ಬಯಲಿಗೆಳೆಯಿತು. ಕೇಬಲುಗಳನ್ನು ಬದಲಿಸಿದೊಡನೆ ಎಡಗಡೆಯ ಮಾನಿಟರು ನೆಟ್ಟಗಾಗಿ ಬಲಗಡೆಯದು ಕಪ್ಪಾಗತೊಡಗಿತು! ಆ ಕೇಬಲು ಮೇಜಿನ ಕಾಲಿನಡಿ ಸಿಕ್ಕಿ ಚಪ್ಪಟೆಯಾಗಿತ್ತು. ಹುಬ್ಬಳ್ಳಿಯಿಂದ ಒಂದು ಗಿಡ್ಡ ಕೇಬಲನ್ನು ತರಿಸಿದೆವು. ಮಾನಿಟರುಗಳು ಉಳಿದವು, ಉಪಕರಣಗಳ ಹಣವೂ ಉಳಿಯಿತು.

ಆದರೂ ಒಂದು ಶೇಷ ಉಳಿಯಿತು. ಹಳೆಯ ಫ್ಯಾನಿನ ಸ್ವಿಚ್ಚನ್ನು ಒತ್ತಿದಾಗ ಕೆಲವೊಮ್ಮೆ ಎರಡೂ ಪರದೆಗಳು ಒಂದು ಕ್ಷಣ ಆರುತ್ತಿದ್ದವು. ಸ್ವಿಚ್ಚಿನ ಕಿಡಿಯಿಂದ ವಿದ್ಯುತ್ಕಾಂತ ಅಲೆಗಳು ಏಳುತ್ತವೆ. ಹತ್ತಿರದ ಕೇಬಲು ಅವನ್ನು ಹಿಡಿಯುತ್ತದೆ. ಗಾಲಿಯ ಕುರ್ಚಿಯಿಂದ ಥಟ್ಟನೆ ಎದ್ದಾಗ ಸ್ಥಾಯೀ ವಿದ್ಯುತ್ತು ಹಾರಿ ಪರದೆ ಆರುವುದೂ ಉಂಟು. ಚಿತ್ರದ ಕೇಬಲನ್ನು ಫ್ಯಾನಿನ ತಂತಿಯಿಂದ ದೂರ ಸರಿಸಿ, ಡಾಕಿಗೆ ಪ್ರತ್ಯೇಕ ಸಾಕೆಟ್ಟನ್ನು ಒದಗಿಸಿದ ಮೇಲೆ ಇದು ಬಹುಮಟ್ಟಿಗೆ ನಿಂತಿತು.

ನಮ್ಮ ಸೀಮೆಯವರು ಗಮನಿಸಬೇಕಾದುದು ಇನ್ನೊಂದಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಆಗ ಮಣ್ಣು ಅರ್ಥಿಂಗಿನ ಲೋಹವನ್ನು ಬಿಟ್ಟು ಸರಿದು, ನೆಲದ ಸಂಪರ್ಕದ ರೋಧವು ಏರುತ್ತದೆ. ಅರ್ಥಿಂಗ್ ಗುಂಡಿಗೆ ನೀರುಣಿಸುವ ವಾಡಿಕೆಯ ಹಿಂದಿರುವ ಭೌತಶಾಸ್ತ್ರವಿದು. ಇದು ಪರದೆಗಿಂತ ಮಿಗಿಲಾಗಿ ನಮ್ಮ ಪ್ರಾಣದ ಪ್ರಶ್ನೆ. ಬಲ್ಲ ವಿದ್ಯುತ್ ಕೆಲಸಗಾರರಿಂದ ಅದನ್ನು ಅಳೆಸತಕ್ಕದ್ದು. ಮೂರು ಮುಳ್ಳಿನ ಪ್ಲಗ್ಗಿನಿಂದ ಅರ್ಥಿಂಗ್ ಮುಳ್ಳನ್ನು ಎಂದಿಗೂ ಕೀಳಬಾರದು, ಮಾನಿಟರಿನ ಬೆನ್ನನ್ನು ಬಿಚ್ಚಲೂಬಾರದು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಅಭ್ಯಾಸ. ಅಡ್ಡ 3840, ಉದ್ದ 2160 ಬಿಂದುಗಳ ಒಂದು ಮಾನಿಟರನ್ನು ಮೇಲೆ ಹೇಳಿದ ಡಾಕಿಗೆ ಜೋಡಿಸಿದರೆ ಸೆಕೆಂಡಿಗೆ 60 ಚಿತ್ರಗಳು ಹಾಯಬಲ್ಲವೆ? 30 ಹಾಯಬಲ್ಲವೆ? ಲೆಕ್ಕ ಹಾಕಿ ನೋಡಿರಿ. ಬೆಲೆಯುಳ್ಳ ವಸ್ತುವನ್ನು ಕೆಟ್ಟಿತೆಂದು ಬಿಸಾಡುವ ಮುನ್ನ ಕಾಗದದ ಮೇಲೆ ನಾಲ್ಕು ಗುಣಾಕಾರ, ಮೇಜಿನ ಮೇಲೆ ಒಂದು ಅದಲುಬದಲು: ಇಷ್ಟು ತಾಳ್ಮೆಯಿದ್ದರೆ ಅನೇಕ ಯಂತ್ರಗಳು ಉಳಿಯುತ್ತವೆ.